ನಾಲ್ಕನೇ ನಂಬರ್ ಯಾರಿಗೆ?

ಪ್ರಶ್ನೆ: ನಮ್ಮದು ಚಿತ್ರದುರ್ಗದ ಡಿಗ್ರಿ ಕಾಲೇಜು. ಈ ವರ್ಷ ಬೇಸ್‌ಬಾಲ್ ಟೀಮ್ ಕಟ್ಟಿದ್ದೇವೆ. ಹೆಚ್ಚಿನವರು ಕ್ರಿಕೆಟ್‌ನಿಂದ ಬಂದ ಹುಡುಗರು, ಎಲ್ಲರಿಗೂ ಮೇಲಿನ ನಾಲ್ಕರಲ್ಲೇ ಆಡಬೇಕು. ಪಿ.ಇ. ಸರ್ ‘ಚೆನ್ನಾಗಿ ಬಾರಿಸೋರನ್ನ ಮೇಲೆ ಹಾಕು, ಉಳಿದವರನ್ನ ಕೆಳಗೆ ಹಾಕು’ ಅಂತಾರೆ. ಫೈನಲ್ ಇಯರ್ ಸೀನಿಯರ್ ಒಬ್ಬರು ನಾಲ್ಕನೇ ನಂಬರ್ ತಮ್ಮದೇ ಅಂತ ಕೂತಿದ್ದಾರೆ. ಕ್ಯಾಪ್ಟನ್ ನಾನು. ಬ್ಯಾಟಿಂಗ್ ಆರ್ಡರ್ ಹೇಗೆ ಬರೆಯಲಿ?

ಉತ್ತರ: ಮೊದಲು ಕ್ರಿಕೆಟ್ ಅನ್ನು ತಲೆಯಿಂದ ಇಳಿಸಿ. ಅಲ್ಲಿ ಔಟಾದವನು ಪ್ಯಾಡ್ ಬಿಚ್ಚಿದರೆ ಅವನ ಬ್ಯಾಟಿಂಗ್ ಮುಗೀತು. ಬೇಸ್‌ಬಾಲ್ ಆರ್ಡರ್ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಒಂಬತ್ತನೆಯವನ ಹಿಂದೆಯೇ ಮತ್ತೆ ಒಂದನೆಯವನು. ಆರನೆಯವನು ಮೂರನೇ ಔಟ್ ಆಗಿ ಇನ್ನಿಂಗ್ಸ್ ಮುಗಿದರೆ ಮುಂದಿನ ಇನ್ನಿಂಗ್ಸ್ ಏಳನೆಯವನಿಂದ ಶುರು. ಅಂದರೆ ‘ಕೆಳಗೆ’ ಇರುವವನೂ ಎಷ್ಟೋ ಸಲ ಮೊದಲಿಗನಾಗಿ ಇಳಿಯುತ್ತಾನೆ.

ಹಾಗಾದರೆ ಮೇಲಿನ ಸ್ಥಾನದಿಂದ ಲಾಭ ಏನು? ಸರದಿ ಜಾಸ್ತಿ ಸಿಗುತ್ತದೆ, ಅಷ್ಟೇ. ಪಂದ್ಯದಲ್ಲಿ ನಿಮ್ಮ ಕಡೆಯಿಂದ 33 ಸಲ ಬ್ಯಾಟರ್ ಇಳಿದರು ಅಂದುಕೊಳ್ಳಿ. ಮೊದಲ ಆರು ಜನಕ್ಕೆ ನಾಲ್ಕು ಸರದಿ, ಕೊನೆಯ ಮೂವರಿಗೆ ಮೂರೇ. 37 ಸಲ ಇಳಿದರೆ ಒಂದನೆಯವನೊಬ್ಬನಿಗೆ ಐದನೇ ಸರದಿ. ಆ ಐದನೇ ಸರದಿ ಬರುವುದು ಪಂದ್ಯದ ಕೊನೆಯಲ್ಲಿ, ಎದೆ ಡವಡವ ಅನ್ನುವಾಗ. ಆಗ ಬ್ಯಾಟ್ ಯಾರ ಕೈಯಲ್ಲಿರಬೇಕು ಅಂತ ನಿಮಗೆ ಅನಿಸುತ್ತದೋ ಅವನೇ ನಿಮ್ಮ ಒಂದನೇ ನಂಬರ್.

ಅವನು ದೂರ ಬಾರಿಸುವವನೇ ಆಗಬೇಕಿಲ್ಲ. ಒಂಬತ್ತು ಇನ್ನಿಂಗ್ಸ್, ಇನ್ನಿಂಗ್ಸ್‌ಗೆ ಮೂರು ಔಟ್. 27 ಔಟ್ ಆದರೆ ಅಂಗಡಿ ಬಂದ್. ಹಾಗಾಗಿ ಔಟಾಗದೆ ಬೇಸ್ (ಮೈದಾನದ ಮೂಲೆಗಳಲ್ಲಿನ ನಿಲ್ದಾಣ, ನಾಲ್ಕೂ ಸುತ್ತಿ ಬಂದರೆ ಒಂದು ರನ್) ಸೇರುವವನೇ ಮೇಲಿರಬೇಕು. ಒಂದು ಲೆಕ್ಕ ನೋಡಿ. ಒಬ್ಬ ಹುಡುಗ 30 ಸಲ ಇಳಿದು 9 ಹಿಟ್ ಹೊಡೆದ (ಅಂದರೆ ಬಾರಿಸಿ ಬೇಸ್ ಸೇರಿದ), 1 ವಾಕ್ ಪಡೆದ (ನಾಲ್ಕು ಕೆಟ್ಟ ಎಸೆತ ಬಿಟ್ಟಿದ್ದಕ್ಕೆ ಪುಕ್ಕಟೆ ಬೇಸ್). ಇನ್ನೊಬ್ಬ 30 ಸಲದಲ್ಲಿ 6 ಹಿಟ್, 6 ವಾಕ್, ಒಮ್ಮೆ ಚೆಂಡು ಮೈಗೆ ಬಡಿದು ಬೇಸ್ ಸಿಕ್ಕಿತು. ಬರೀ ಹಿಟ್ ನೋಡಿದರೆ ಮೊದಲನೆಯವನೇ ಹೀರೊ. ಆದರೆ ಅವನು ಬೇಸ್ ಸೇರಿದ್ದು 10 ಸಲ, ಎರಡನೆಯವನು 13 ಸಲ. ಕ್ರಿಕೆಟ್‌ನಿಂದ ಬಂದವರಿಗೆ ವಾಕ್ ಅಂದ್ರೆ ಏನೋ ನಾಚಿಕೆ. ಬಂದ ಚೆಂಡನ್ನೆಲ್ಲ ಹೊಡೆಯಬೇಕು ಅನ್ನುವ ಚಟ. ಇದನ್ನು ಬಿಡಿಸಲು ನನಗೇ ಒಂದು ಸೀಸನ್ ಹಿಡಿಯಿತು!

ನಮ್ಮ ಕಡೆ ಇನ್ನೊಂದು ವಿಷಯವೂ ಇದೆ. ನೀವು ಆಡುವುದು ಹುಲ್ಲುಹಾಸಿನ ಮೇಲಲ್ಲ, ಹರಳು ಬೆರೆತ ಗಟ್ಟಿ ಮಣ್ಣಿನ ಮೇಲೆ. ನೆಲ ಕಚ್ಚಿ ಹೋದ ಚೆಂಡು ಎಲ್ಲಿ ಪುಟಿಯುತ್ತದೋ ಫೀಲ್ಡರ್‌ಗೂ ಗೊತ್ತಿರಲ್ಲ. ಕಾಲೇಜು ಮಟ್ಟದಲ್ಲಿ ಎಸೆತವೂ ಅಡ್ಡಾದಿಡ್ಡಿ. ಚೆಂಡಿಗೆ ಬ್ಯಾಟ್ ತಾಗಿಸಿ ಓಡುವವನಿಗೆ ಇಲ್ಲಿ ಅರ್ಧ ಕೆಲಸ ಆದ ಹಾಗೆ. ಮೂರು ಸ್ಟ್ರೈಕ್ (ಬೀಸಿ ತಪ್ಪಿದ ಅಥವಾ ಸುಮ್ಮನೆ ಬಿಟ್ಟ ಒಳ್ಳೆಯ ಎಸೆತ) ತಿಂದು ಔಟಾಗಿ ವಾಪಸ್ ಬರುವವನು ಆ ಹರಳಿನ ಪುಣ್ಯವನ್ನೂ ಕಳೆದುಕೊಳ್ಳುತ್ತಾನೆ.

ನಾನಾದರೆ ಒಂದು, ಎರಡು, ನಾಲ್ಕಕ್ಕೆ ನನ್ನ ಮೂವರು ಒಳ್ಳೆಯ ಬ್ಯಾಟರ್‌ಗಳನ್ನು ಹಾಕುತ್ತೇನೆ. ಎರಡನೆಯವನು ಬಂಟ್ ಮಾಡಿ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಾಗಿಸಿ) ಬೇಸ್ ಮೇಲಿರುವ ರನ್ನರ್‌ನನ್ನು ಮುಂದೆ ತಳ್ಳಬೇಕು ಅನ್ನುವುದು ಹಳೇ ಪಾಠ. ಅಮೆರಿಕದ ಮೇಜರ್ ಲೀಗ್ ಲೆಕ್ಕದಲ್ಲಿ, ಔಟ್ ಇಲ್ಲದೆ ಮೊದಲ ಬೇಸ್‌ನಲ್ಲಿ ಒಬ್ಬ ಇದ್ದರೆ ಆ ಇನ್ನಿಂಗ್ಸ್‌ನಲ್ಲಿ ಸರಾಸರಿ ಸುಮಾರು 0.9 ರನ್ ಬರುತ್ತದೆ. ಒಂದು ಔಟ್ ಕೊಟ್ಟು ಅವನನ್ನು ಎರಡನೇ ಬೇಸ್‌ಗೆ ಕಳಿಸಿದರೆ ಅದು ಸುಮಾರು 0.7ಕ್ಕೆ ಇಳಿಯುತ್ತದೆ. ಕೈಯಿಂದ ಔಟ್ ಕೊಟ್ಟು ರನ್ನೂ ಕಡಿಮೆ! ಕೊನೇ ಇನ್ನಿಂಗ್ಸ್, ಒಂದೇ ರನ್ ಬೇಕು ಅನ್ನುವಾಗಿನ ಮಾತು ಬೇರೆ. ಮೂರನೆಯವನು ಮೊದಲ ಇನ್ನಿಂಗ್ಸ್‌ನಲ್ಲಿ ಎಷ್ಟೋ ಸಲ ಎರಡು ಔಟ್ ಆಗಿ ಬೇಸ್ ಖಾಲಿ ಇರುವಾಗ ಬರುತ್ತಾನೆ. ಅದಕ್ಕೇ ಅಲ್ಲಿಗಿಂತ ನಾಲ್ಕು ಮೇಲು, ದೂರ ಬಾರಿಸುವವನಿಗೆ ಅದೇ ಜಾಗ. ಒಂಬತ್ತಕ್ಕೆ ಚುರುಕು ಕಾಲಿನ ಹುಡುಗನನ್ನು ಹಾಕಿ. ಅವನ ಬೆನ್ನಿಗೇ ಒಂದನೆಯವನು ಬರುತ್ತಾನಲ್ಲ.

ನಿಮ್ಮ ಸೀನಿಯರ್ ವಿಷಯ. ಬಾಯಿಮಾತಿನ ಜಗಳ ಬೇಡ. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತನ್ನಿ, ಪ್ರಾಕ್ಟೀಸ್ ಮ್ಯಾಚ್‌ಗಳಲ್ಲಿ ಆಡದೆ ಕೂತವರ ಕೈಗೆ ಕೊಡಿ. ಎಷ್ಟು ಸಲ ಇಳಿದ, ಎಷ್ಟು ಸಲ ಬೇಸ್ ಸೇರಿದ, ಎರಡು ಬೇಸ್‌ಗಿಂತ ದೂರ ಎಷ್ಟು ಸಲ ಹೊಡೆದ, ಇಷ್ಟು ಸಾಕು. ಮೂರನೇ ಅಂಕಣದಲ್ಲಿ ಸೀನಿಯರ್ ಮುಂದಿದ್ದರೆ ನಾಲ್ಕು ಅವರದೇ, ಸುಮ್ನೆ ಕೊಟ್ಟುಬಿಡಿ. ಇಲ್ಲದಿದ್ದರೆ ಪುಸ್ತಕ ಅವರ ಮುಂದೆ ತೆರೆದಿಡಿ. ಅಂದಹಾಗೆ, ಇದಕ್ಕಾಗಿ ಟೀಮ್ ಒಡೆಯುವುದು ಬೇಡ. ಮೇಜರ್ ಲೀಗ್‌ನ 162 ಪಂದ್ಯಗಳ ಸೀಸನ್‌ನಲ್ಲೇ ಸಾಧಾರಣ ಆರ್ಡರ್‌ಗೂ ಅತ್ಯುತ್ತಮ ಆರ್ಡರ್‌ಗೂ ಇರುವ ವ್ಯತ್ಯಾಸ ಹತ್ತು-ಹದಿನೈದು ರನ್ ಅಂತ ಲೆಕ್ಕ ಹಾಕಿದ್ದಾರೆ.

ಅದಕ್ಕಿಂತ ದೊಡ್ಡ ನಷ್ಟ ಆರ್ಡರ್ ಬರೆದ ಚೀಟಿ ತಪ್ಪಿದರೆ ಆಗುತ್ತದೆ. ನಾನು ಕ್ಯಾಪ್ಟನ್ ಆಗಿದ್ದಾಗ, ದಾವಣಗೆರೆಯ ಒಂದು ಪಂದ್ಯದಲ್ಲಿ ಅಂಪೈರ್‌ಗೆ ಕೊಟ್ಟ ಲೈನ್‌ಅಪ್ ಒಂದು, ನನ್ನ ಜೇಬಿನಲ್ಲಿದ್ದದ್ದು ಹಿಂದಿನ ರಾತ್ರಿಯದು. ಆರನೆಯವನ ಬದಲು ಏಳನೆಯವನು ಇಳಿದ. ಎದುರಾಳಿ ಕೋಚ್ ನೋಡಿಯೂ ತುಟಿ ಬಿಚ್ಚಲಿಲ್ಲ. ಹುಡುಗ ಎರಡು ಬೇಸ್ ಹಿಟ್ ಹೊಡೆದ, ನಾವು ಕುಣಿದಾಡಿದೆವು. ಮುಂದಿನ ಎಸೆತಕ್ಕೆ ಮೊದಲು ಅವರು ನಿಧಾನಕ್ಕೆ ಎದ್ದು ಬಂದು ಅಪೀಲ್ ಮಾಡಿದರು. ಹಿಟ್ ರದ್ದು. ಬೆಂಚ್ ಮೇಲೆ ನೀರು ಕುಡಿಯುತ್ತಿದ್ದ ಆರನೆಯವನು ಔಟ್! ನಿಯಮದ ಪ್ರಕಾರ ಮುಂದಿನ ಸರದಿ ಏಳನೆಯವನದ್ದೇ. ಅದೇ ಹುಡುಗ ಎರಡನೇ ಬೇಸ್‌ನಿಂದ ನಡೆದು ಬಂದು ಮತ್ತೆ ಬ್ಯಾಟ್ ಹಿಡಿದ. ಈ ಸಲ ಮೂರೇ ಎಸೆತಕ್ಕೆ ಸ್ಟ್ರೈಕ್ ಔಟ್.

ಪ್ರಶ್ನೆ: ನಮ್ಮ ಪಿಚರ್‌ಗೆ (ಚೆಂಡೆಸೆಯುವವನಿಗೆ) ಬ್ಯಾಟಿಂಗ್ ಬರಲ್ಲ. ಒಂಬತ್ತನೇ ಸ್ಥಾನಕ್ಕೆ ಹಾಕಿದರೆ ಸಾಕಾ? (ದಾವಣಗೆರೆಯ ಓದುಗರು)

ಉತ್ತರ: ಹಾಕಲೇಬೇಕೆಂದಿಲ್ಲ. ನಿಮ್ಮ ಟೂರ್ನಿಯಲ್ಲಿ ಡೆಸಿಗ್ನೇಟೆಡ್ ಹಿಟರ್ ನಿಯಮ ಇದೆಯಾ ಕೇಳಿ. ಇದ್ದರೆ ಪಿಚರ್ ಬದಲು ಇನ್ನೊಬ್ಬ ಬ್ಯಾಟ್ ಮಾಡಬಹುದು. ಮೇಜರ್ ಲೀಗ್‌ನ ಎರಡು ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ ಇದು 1973ರಿಂದಲೇ ಇದೆ, 2022ರಿಂದ ಎರಡೂ ಲೀಗ್‌ಗಳಲ್ಲಿ ಕಾಯಂ. ಆದರೆ ನಡುವೆ ಆ ಹಿಟರ್‌ನನ್ನು ಫೀಲ್ಡಿಂಗ್‌ಗೆ ಇಳಿಸಿದರೆ ಸವಲತ್ತು ಹೋಯಿತು, ಪಿಚರ್ ಬ್ಯಾಟ್ ಹಿಡಿಯಲೇಬೇಕಾಗುತ್ತದೆ. ಹಾಗಾಗಿ ಫೀಲ್ಡರ್‌ಗೆ ಪೆಟ್ಟಾದರೆ ಅಂತ ಬೆಂಚ್‌ನಲ್ಲಿ ಇನ್ನೊಬ್ಬ ಹುಡುಗನನ್ನು ಇಟ್ಟುಕೊಂಡೇ ಚೀಟಿ ಬರೆಯಿರಿ.