ಎರಡೂ 28 ಮಿ.ಮೀ., ಆದರೂ ಎತ್ತರ ಬೇರೆ ಯಾಕೆ?

ಪುಟ್ಟ ಸೈನಿಕ ಗೊಂಬೆ ಮಾಡುವ ಕಂಪನಿಗಳಾದ ಪೆರಿ ಮತ್ತು ವಿಕ್ಟ್ರಿಕ್ಸ್‌ನ ನೆಪೋಲಿಯನ್ ಕಾಲದ ಫ್ರೆಂಚ್ ಕಾಲಾಳು ಗೊಂಬೆಗಳನ್ನು ಒಂದೇ ಸಾಲಲ್ಲಿ ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ಪೆಟ್ಟಿಗೆ ಮೇಲೆ ಬರೆದ 28 ಮಿ.ಮೀ. ಎತ್ತರವನ್ನು ನಂಬಿ ಕೂರಬೇಡಿ. ಕೆಲವರು ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೆ. ನೆಟ್ಟಗೆ ನಿಂತ ಗೊಂಬೆಯೊಂದನ್ನು ಆರಿಸಿ, ಕ್ಯಾಲಿಪರ್ ಹಿಡಿದು ಕಣ್ಣಿನ ಮಟ್ಟಕ್ಕೇ ಅಳೆಯಿರಿ. ಟೋಪಿಯೂ ಕಾಲಡಿಯ ತಟ್ಟೆಯೂ ಲೆಕ್ಕಕ್ಕೆ ಬೇಡ. ಹೆಜ್ಜೆ ಹಾಕುತ್ತಿರುವ ಗೊಂಬೆ ಅಳೆದರೆ ಮಂಡಿ ಬಾಗಿ ಎತ್ತರ ಕಮ್ಮಿ ತೋರಿಸುತ್ತದೆ.

ವಿಕ್ಟ್ರಿಕ್ಸ್ ತುಸು ಎತ್ತರ, ಪೆರಿ ತೆಳ್ಳಗೆ. ಗಿಡ್ಡವರ ಕಾಲಡಿಗೆ 1 ಮಿ.ಮೀ. ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಎತ್ತರ ಸರಿಹೋಗುತ್ತದೆ. ತಲೆ, ಕೈ, ಬಂದೂಕಿನ ದಪ್ಪ ಮಾತ್ರ ಸರಿಹೋಗಲ್ಲ, ನಿಜವಾಗಿ ಕಣ್ಣಿಗೆ ಹೊಡೆಯುವುದೂ ಅದೇ. ಹಾಗಾಗಿ ಒಂದು ಬೆಟಾಲಿಯನ್ನಿಗೆ ಒಂದೇ ಕಂಪನಿಯವರನ್ನು ಇಡಿ. ಪಕ್ಕದ ಬೆಟಾಲಿಯನ್ ಇನ್ನೊಂದರದ್ದಾದರೆ ಏನೂ ಅಡ್ಡಿಯಿಲ್ಲ.