ಸಿಎನ್‌ಸಿಯಲ್ಲಿ ಕೊರೆಸಿದರೂ ಕೂರದ ಜಾಯಿಂಟ್

ಪ್ರಶ್ನೆ: ಪುಸ್ತಕದ ಶೆಲ್ಫ್‌ಗೆಂದು 18 ಮಿ.ಮೀ. ಪ್ಲೈವುಡ್‌ನಲ್ಲಿ ಸಿಎನ್‌ಸಿ ರೌಟರ್‌ನಿಂದ (ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಮೆಷಿನ್) ಗುಳಿ ಕೊರೆಸಿದೆ. ಬಿಡಿ ಟೆನನ್ (ಎರಡೂ ಹಲಗೆಯ ಗುಳಿಯೊಳಗೆ ಕೂರುವ ಮರದ ತುಂಡು) ಹಾಕಿ ಜೋಡಿಸಿದರೆ ಕೆಲವು ಕಡೆ ಅರ್ಧ ಮಿ.ಮೀ. ಸಂದು ಉಳಿಯುತ್ತದೆ, ಅಡ್ಡ ಹಲಗೆಗಳೂ ಒಂದೇ ಮಟ್ಟಕ್ಕೆ ಬರುತ್ತಿಲ್ಲ. ಮೆಷಿನ್ ಕೆಟ್ಟಿದೆಯೇ?
– ಓದುಗರು, ತುಮಕೂರು

ಉತ್ತರ: ಮೊದಲು ಕ್ಯಾಲಿಪರ್ ಹಿಡಿದು ಪ್ಲೈ ಅಳೆಯಿರಿ. 18 ಎಂದು ಮಾರುವ ಹಾಳೆ 17.4 ಇರಬಹುದು. ಆಪರೇಟರ್ ಝಡ್ ಸೊನ್ನೆಯನ್ನು (ಆಳದ ಅಳತೆ ಶುರುವಾಗುವ ಮಟ್ಟ) ಹಲಗೆ ಕೂರುವ ಮೆಷಿನ್ ಬೆಡ್‌ಗೆ ಹಿಡಿದು, ತಳದಲ್ಲಿ 6 ಬಿಡುವಂತೆ ಓಡಿಸಿದ್ದರೆ 12 ಆಗಬೇಕಿದ್ದ ಗುಳಿ 11.4ಕ್ಕೇ ನಿಂತಿರುತ್ತದೆ. ಟೆನನ್ ತಳ ಮುಟ್ಟಿತೆಂದರೆ ಕ್ಲಾಂಪ್ ಎಷ್ಟು ಬಿಗಿದರೂ ಸಂದು ಮುಚ್ಚದು. ಸೊನ್ನೆಯನ್ನು ಹಲಗೆಯ ಮೇಲ್ಮೈಗೇ ಹಿಡಿಸಿ. ಪಕ್ಕದ ಹಲಗೆಯಲ್ಲಿ 12, ಅಡ್ಡ ಹಲಗೆಯ ತುದಿಯಲ್ಲಿ 25 ಆಳವಿದ್ದರೆ ಟೆನನ್ 35 ಸಾಕು. ಉಳಿದ 2 ಮಿ.ಮೀ. ಅಂಟಿಗೆ.

ಮಟ್ಟ ತಪ್ಪುವುದಕ್ಕೂ ಇದೇ ದಪ್ಪ ಕಾರಣ. ಗುಳಿಯನ್ನು ಹಲಗೆಯ ‘ಮಧ್ಯ’ಕ್ಕೆ ಹಾಕಬೇಡಿ, ಪ್ರತಿ ಬಾರಿಯೂ ಮೇಲ್ಮುಖದಿಂದ 9 ಮಿ.ಮೀ. ಅಳೆಯಿರಿ. ಮೇಲ್ಮುಖಕ್ಕೆ ಪೆನ್ಸಿಲ್ ಗುರುತು ಹಾಕಿ, ತುದಿ ಕೊರೆಯಲು ಹಲಗೆ ನೆಟ್ಟಗೆ ನಿಲ್ಲಿಸುವಾಗ ಗುರುತಿನ ಮುಖವೇ ಫೆನ್ಸ್‌ಗೆ (ಹಲಗೆಗೆ ಆನಿಕೆಯಾಗುವ ನೇರ ಪಟ್ಟಿ) ಒತ್ತಿರಲಿ. ಎಡ–ಬಲ ಹಲಗೆಗಳನ್ನು ಡ್ರಾಯಿಂಗ್‌ನಲ್ಲೇ ಮಿರರ್ ಮಾಡಿ, ಇಲ್ಲದಿದ್ದರೆ ಎರಡೂ ಎಡಗಡೆಯವೇ ಆಗಿ ಹಾಳೆ ದಂಡ.

ಗುಳಿ ಕೊರೆಯಲು 6 ಮಿ.ಮೀ.ನ ಎರಡು ಅಲಗಿನ ಅಪ್‌ಕಟ್ (ಹೊಟ್ಟನ್ನು ಮೇಲಕ್ಕೆಳೆಯುವ) ಬಿಟ್, 18,000 ಆರ್‌ಪಿಎಂ, ನಿಮಿಷಕ್ಕೆ 2,500 ಮಿ.ಮೀ. ಫೀಡ್ (ಬಿಟ್ ಮುಂದೆ ಸಾಗುವ ವೇಗ), ಒಂದು ಸಲಕ್ಕೆ 3 ಮಿ.ಮೀ. ಆಳ. ಬಿಟ್ ನೇರ ಕುಕ್ಕದೆ ಇಳಿಜಾರಾಗಿ ಇಳಿಯಬೇಕು; ಕುಕ್ಕಿದರೆ ಹೊಟ್ಟು ಒಳಗೇ ತುಂಬಿ ಮರ ಕರಕಲಾಗುತ್ತದೆ. ಅಂಚಿನಲ್ಲಿ ವೆನೀರ್ (ಪ್ಲೈನ ಮೇಲಿನ ತೆಳು ಪದರ) ಸ್ವಲ್ಪ ಎದ್ದರೆ ಚಿಂತೆಯಿಲ್ಲ, ಅದು ಜಾಯಿಂಟ್‌ನೊಳಗೆ ಮುಚ್ಚಿಹೋಗುತ್ತದೆ.

ಟೆನನ್‌ಗೆ ತೇಗ ಅಥವಾ ಒಣಗಿದ ಹಲಸು, ನಾರು ಉದ್ದಕ್ಕೆ. ಅದೇ ಪ್ಲೈ ಚೂರಿನಲ್ಲಿ ಒಂದು ಗುಳಿ ಕೊರೆಸಿ, ಅದಕ್ಕೆ ತಕ್ಕಂತೆ ಟೆನನ್ ಉಜ್ಜಿ; ಸಾಣೆ ಹಿಡಿದ ಬಿಟ್ 6ಕ್ಕಿಂತ ಕಿರಿದಾಗಿ ಕೊರೆಯುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಹೋಗಬೇಕು, ತಲೆಕೆಳಗು ಹಿಡಿದರೆ ಬೀಳಬಾರದು. ಸುತ್ತಿಗೆ ಬೇಕೆನಿಸಿದರೆ ಅಂಟೆಲ್ಲ ಹಿಂಡಿ ಹೊರಬರುತ್ತದೆ. ಸಡಿಲವಾದರೆ ಬಿಳಿ ಅಂಟು ಆ ಸಂದು ತುಂಬಿ ಹಿಡಿಯಲಾರದು. ಟೆನನ್‌ನ ಎರಡೂ ಮೈಮೇಲೆ ಗರಗಸದಿಂದ ಸಣ್ಣ ಗೀರು ಎಳೆಯಿರಿ, ಸಿಕ್ಕಿಬಿದ್ದ ಗಾಳಿ, ಅಂಟು ಹೊರಬರಲು ದಾರಿ ಬೇಕು.

ಪ್ರಶ್ನೆ: ಟೆನನ್ ಹೆಚ್ಚಿಸಿದರೆ ಹಲಗೆ ಬಾಗುವುದು ನಿಲ್ಲುತ್ತದೆಯೇ?
– ಓದುಗರು, ಶಿರಾ

ಉತ್ತರ: ಇಲ್ಲ. 300 ಮಿ.ಮೀ. ಅಗಲದ ಹಲಗೆಗೆ ತುದಿಗೆ ಎರಡು ಸಾಕು, ಮೂರು ಧಾರಾಳ. ಬಾಗುವುದನ್ನು ನಿರ್ಧರಿಸುವುದು ಉದ್ದ: ಒಂದೇ ಸಾಲಿನ ಪುಸ್ತಕಕ್ಕೆ 600ರಿಂದ 900 ಮಿ.ಮೀ.ಗೆ ಹೋದರೆ ಬಾಗು ಸುಮಾರು ಐದು ಪಟ್ಟು. 900 ಬೇಕೇಬೇಕೆಂದರೆ ಮುಂದಿನ ಅಂಚಿಗೆ 40 ಮಿ.ಮೀ. ಎತ್ತರದ ತೇಗದ ಪಟ್ಟಿ ಅಂಟಿಸಿ.