ದುಬೈಯಲ್ಲಿ ಗೋಳಿಬಜೆ ಸಿಗುತ್ತದಾ?

ದುಬೈಗೆ ಕೆಲಸಕ್ಕೆ ಬರುವ ಮೊದಲು ಸಂಬಳ ಎಷ್ಟು, ಬಾಡಿಗೆ ಎಷ್ಟು ಅಂತ ಕೇಳುವವರೇ ಜಾಸ್ತಿ. ನೀನು ಕೇಳಿದ್ದು ಬೇರೆ. "ಪೆರ್ಲದಲ್ಲಿ ಸಂಜೆ ಗೆಳೆಯರೆಲ್ಲ ಸೇರಿ ಗೋಳಿಬಜೆ, ಚಹಾ. ಆಗಾಗ ಮನೆಯವರ ಜೊತೆ ಮಂಗಳೂರಿಗೆ ಹೋಗಿ ಗಡ್‌ಬಡ್ ಐಸ್‌ಕ್ರೀಂ. ದುಬೈಗೆ ಬಂದರೆ ಇದೆಲ್ಲ ಮುಗಿಯಿತಾ ಅಣ್ಣಾ?" ಅಂತ. ಹೆಂಡತಿ, ಸಣ್ಣ ಮಗಳು ಜೊತೆಗೆ ಬರುತ್ತಾರೆ, ನಾವು ಸಸ್ಯಾಹಾರಿಗಳು ಬೇರೆ, ಅಂತಲೂ ಬರೆದಿದ್ದೀಯ. ನಿನ್ನ ಅಣ್ಣ ನನ್ನ ಜೊತೆ ಓದಿದವನು, ಹಾಗಾಗಿ ಬಹುವಚನ ಬಿಟ್ಟೇ ಬರೆಯುತ್ತೇನೆ. ನಾನೀಗ ದುಬೈಯಿಂದ ರಜೆಗೆ ಬಂದು, ನಿನ್ನ ಪೆರ್ಲದ ಹಾಗೆ ಕೇರಳದ ಕಾಸರಗೋಡು ಜಿಲ್ಲೆಯದೇ ಆದ ಬದಿಯಡ್ಕದ ಮನೆಯಲ್ಲಿದ್ದೇನೆ. ಹೊರಗೆ ಜಡಿಮಳೆ, ಕರೆಂಟಿಲ್ಲ. ಬರೆಯಲಿಕ್ಕೆ ಬೇಕಾದಷ್ಟು ಪುರುಸೊತ್ತಿದೆ.

ಸುಲಭದ ಉತ್ತರ ಮೊದಲು ಹೇಳುತ್ತೇನೆ. ತಿಂಡಿ ಸಿಗುತ್ತದೆ. ಕರಾಮ, ಬರ್ ದುಬೈ ಕಡೆ ಹೋದರೆ ಸಸ್ಯಾಹಾರಿ ಹೋಟೆಲುಗಳಿಗೆ ಬರವಿಲ್ಲ. ಚೆನ್ನೈಯ ಸರವಣ ಭವನ ಇದೆ, ಬೆಂಗಳೂರಿನ ಎಂಟಿಆರ್ ಇದೆ. ನಮ್ಮ ಕಡೆಯವರು ಅಡುಗೆ ಮಾಡುವ ಹೋಟೆಲುಗಳಲ್ಲಿ ಬನ್ಸ್, ಗೋಳಿಬಜೆ, ನೀರುದೋಸೆ ಕೂಡ ಸಿಗುತ್ತದೆ. ಗೋಳಿಬಜೆ ಊರಿನಷ್ಟು ಹಗುರ ಇರುವುದಿಲ್ಲ, ಅದು ಬೇರೆ ಮಾತು. ಒಂದು ಮಸಾಲೆ ದೋಸೆಗೆ ಕೊಡುವ ದುಡ್ಡಿನಲ್ಲಿ ಊರಿನಲ್ಲಿ ಮೂರು ನಾಲ್ಕು ದೋಸೆ ಬರುತ್ತದೆ. ಹೊಸಬರು ಇದನ್ನೇ ಲೆಕ್ಕ ಹಾಕುತ್ತಾ ಕೂರುತ್ತಾರೆ. ದಿರ್ಹಮನ್ನು ರೂಪಾಯಿಗೆ ಗುಣಿಸುತ್ತಾ ತಿಂದರೆ ದೋಸೆ ಒಳಗೆ ಇಳಿಯುವುದಿಲ್ಲ. ಸಂಬಳ ದಿರ್ಹಮಿನಲ್ಲೇ ಬರುತ್ತದಲ್ವಾ, ಖರ್ಚನ್ನೂ ಅದರಲ್ಲೇ ನೋಡು. ಬಿಲ್ಲಿನಲ್ಲಿ ಶೇಕಡಾ 5 ವ್ಯಾಟ್ ಕಂಡರೆ ಗಾಬರಿಯಾಗಬೇಡ, 2018ರಿಂದ ಇದೆ.

ನಮಗೆ ಅಲ್ಲಿ ಇನ್ನೊಂದು ಅನುಕೂಲವೂ ಇದೆ. ದುಬೈಯ ಹೋಟೆಲಿನಲ್ಲಿ ಬಡಿಸುವವನು ಹೆಚ್ಚಾಗಿ ಮಲಯಾಳಿ. ಬೆಂಗಳೂರಿನ ಗೆಳೆಯರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಒದ್ದಾಡುವಾಗ ನಾವು ಮಲಯಾಳದಲ್ಲಿ ಸಲೀಸಾಗಿ ಮಾತು ತೆಗೆಯುತ್ತೇವೆ. ಕಾಸರಗೋಡು ಅಂದ ಕೂಡಲೇ ಅವನು ಕಾಞಂಗಾಡಿನವನೋ ಪಯ್ಯನ್ನೂರಿನವನೋ ಆಗಿರುತ್ತಾನೆ, ಕೇಳದೆ ಇನ್ನೊಂದು ಸೌಟು ಸಾಂಬಾರು ಬೀಳುತ್ತದೆ. ಊರಿನಲ್ಲಿ ಬೋರ್ಡಿನಲ್ಲಿ ಕನ್ನಡ ಬೇಕು, ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬೇಕು ಅಂತ ನಾವು ಜಗಳ ಮಾಡುವವರೇ. ಮಾಡಬೇಕಾದ ಜಗಳವೇ ಅದು. ಆದರೆ ಅಲ್ಲಿ ಅದನ್ನು ಊಟದ ಮೇಜಿಗೆ ತರಬೇಡ. ಓಣಂ ದಿನ ‘ಸದ್ಯ’ ಅನ್ನುವ ಬಾಳೆಎಲೆಯ ಹಬ್ಬದೂಟ ತಿನ್ನಲು ಮೊದಲೇ ಹೆಸರು ಹೇಳಿಡಬೇಕು, ಆ ದಿನ ಅಷ್ಟು ಜನ. ನಮ್ಮ ಮಕ್ಕಳು ಅದಕ್ಕೆ ಕಾಯುತ್ತಾರೆ. ವಿಷು ಹೇಗೂ ನಮ್ಮದೂ ಹೌದು.

ಈಗ ಕಷ್ಟದ ಉತ್ತರ. ತಿಂಡಿಯ ಜೊತೆ ಕೂರುವ ಜನ ತಾನಾಗಿ ಸಿಗುವುದಿಲ್ಲ. ಪೆರ್ಲದಲ್ಲಿ ಯಾರನ್ನೂ ಕರೆಯಬೇಕಾಗಿಲ್ಲ. ಸಂಜೆ ಪೇಟೆಗೆ ಇಳಿದರೆ ಅಲ್ಲೇ ಇರುತ್ತಾರೆ. ದುಬೈಯಲ್ಲಿ ಒಬ್ಬ ಅಲ್ ಕುಸೈಸಿನಲ್ಲಿ, ಒಬ್ಬ ಪಕ್ಕದ ಶಾರ್ಜಾದಲ್ಲಿ, ಒಬ್ಬ ಜೆಬೆಲ್ ಅಲಿಯ ಕಡೆ. ರಜೆಯೂ ಒಂದೇ ಅಲ್ಲ. 2022ರ ಜನವರಿಯಿಂದ ಸರಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ, ಶುಕ್ರವಾರ ಮಧ್ಯಾಹ್ನದವರೆಗೆ ಕೆಲಸ. ಶಾರ್ಜಾದಲ್ಲಿ ಶುಕ್ರವಾರವೂ ಸೇರಿ ಮೂರು ದಿನ. ಖಾಸಗಿ ಕಂಪನಿಗಳಲ್ಲಿ ಅವರವರ ಲೆಕ್ಕ, ವಾರಕ್ಕೆ ಒಂದೇ ದಿನ ರಜೆ ಇರುವವರೂ ಇದ್ದಾರೆ. "ಒಮ್ಮೆ ಸೇರೋಣ" ಅಂತ ಎಲ್ಲರೂ ಹೇಳುತ್ತಾರೆ. ಎಲ್ಲರಿಗೂ ಆಗುವ ದಿನ ಹುಡುಕುತ್ತಾ ಹೋದರೆ ವರ್ಷ ಕಳೆಯುತ್ತದೆ.

ಅದಕ್ಕೇ ನಮ್ಮ ಗುಂಪಿನಲ್ಲಿ ದಿನ ಕೇಳುವ ಪದ್ಧತಿಯನ್ನೇ ಬಿಟ್ಟೆವು. ತಿಂಗಳ ಮೊದಲ ಶನಿವಾರ ಸಂಜೆ, ಕರಾಮದ ಅದೇ ಹೋಟೆಲು, ಅದೇ ಹೊತ್ತು. ಬಂದವರು ಬಂದರು. ಬರದವನಿಗೆ ಯಾಕೆ ಬರಲಿಲ್ಲ ಅಂತ ಕೇಳುವುದಿಲ್ಲ. ಕೆಲವು ತಿಂಗಳು ಮೇಜು ಸಾಲುವುದಿಲ್ಲ, ಕೆಲವು ತಿಂಗಳು ಎರಡೇ ಸಂಸಾರ. ಬಿಲ್ಲು ಅಲ್ಲೇ ಭಾಗ ಮಾಡುತ್ತೇವೆ, ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದನ್ನು ನೀನು ಮೊದಲ ತಿಂಗಳಲ್ಲೇ ಮಾತಾಡಿಬಿಡು. "ಇವತ್ತು ನನ್ನದು, ಇನ್ನೊಮ್ಮೆ ನಿನ್ನದು" ಅನ್ನುವ ಊರಿನ ಮರ್ಯಾದೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಇನ್ನೊಮ್ಮೆ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಸಣ್ಣ ಸಂಬಳದವನು ಒಮ್ಮೆ ಎಲ್ಲರ ಬಿಲ್ಲು ಕೊಟ್ಟರೆ ಮತ್ತೆ ಆರು ತಿಂಗಳು ತಲೆ ಹಾಕುವುದಿಲ್ಲ. ಅಂಥವರನ್ನು ನೋಡಿದ್ದೇನೆ.

ನಮ್ಮವರನ್ನೇ ಹುಡುಕಬೇಕು ಅಂತಿಲ್ಲ. ಮಂಗಳೂರಿನವರು ನಮ್ಮನ್ನು ಕೇರಳದವರು ಅನ್ನುತ್ತಾರೆ, ಕೇರಳದವರು ಕನ್ನಡದವರು ಅನ್ನುತ್ತಾರೆ. ಇದರ ಲಾಭ ಏನೆಂದರೆ ಎರಡೂ ಕಡೆಯ ಊಟಕ್ಕೆ ಕರೆ ಬರುತ್ತದೆ! ಆಫೀಸಿನ ಪಾಕಿಸ್ತಾನಿ ಗೆಳೆಯ ಕರೆದರೂ ಹೋಗು. ಸತ್ವಾದಲ್ಲಿ ರವಿ ಅಂತ ಒಂದು ಹೋಟೆಲಿದೆ, 1978ರಿಂದ ಇದೆ. ಹೆಸರು ನೋಡಿ ನಮ್ಮವರದ್ದು ಅಂದುಕೊಳ್ಳಬೇಡ, ಲಾಹೋರಿನ ರುಚಿಯದು. ಮಾಂಸದ ಅಡುಗೆಗೆ ಹೆಸರಾದ ಜಾಗ ನಿಜ, ಆದರೆ ದಾಲ್ ಮತ್ತು ತಂದೂರಿನಿಂದ ಆಗಷ್ಟೇ ತೆಗೆದ ರೋಟಿ ನನಗೆ ಸಾಕು. ಲೆಬನಾನಿನವರ ಬೇಕರಿಗಳಲ್ಲಿ ಮನಾಕೀಶ್ ಸಿಗುತ್ತದೆ, ಕಾವಲಿಯಗಲದ ರೊಟ್ಟಿಯ ಮೇಲೆ ಜಾತರ್ ಅನ್ನುವ ಮಸಾಲೆ ಪುಡಿ, ಎಣ್ಣೆ. ಫಲಾಫಲ್, ಹಮ್ಮುಸ್ ಎರಡೂ ಕಾಬೂಲಿ ಕಡಲೆಯವು. ಸಸ್ಯಾಹಾರಿಗೆ ಅರಬ್ಬರ ಊಟದಲ್ಲಿ ಏನೂ ಇಲ್ಲ ಅನ್ನುವವರು ಒಳಗೆ ಹೋಗಿ ನೋಡಿದವರಲ್ಲ. ಮಗಳಿಗೆ ಲುಖೈಮತ್ ಕೊಡಿಸು. ಹಿಟ್ಟನ್ನು ಉಂಡೆಯಾಗಿ ಕರಿದು, ಖರ್ಜೂರದ ರಸ ಸುರಿದು, ಎಳ್ಳು ಉದುರಿಸುತ್ತಾರೆ. ನೋಡಿದರೆ ನಿನ್ನ ಗೋಳಿಬಜೆ ಸ್ನಾನ ಮಾಡಿ ಬಂದ ಹಾಗಿರುತ್ತದೆ.

ಕರಕ್ ಚಹಾದ ಬಗ್ಗೆ ಬೇರೆಯೇ ಬರೆಯಬೇಕು. ಬೀದಿಬೀದಿಯಲ್ಲಿ ಕೆಫೆಟೇರಿಯ ಅನ್ನುವ ಸಣ್ಣ ಅಂಗಡಿಗಳಿವೆ, ಹೆಚ್ಚಿನವು ಮಲಯಾಳಿಗಳದ್ದು. ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಹುಡುಗ ಬಂದು ಆರ್ಡರ್ ತಗೊಂಡು ಹೋಗುತ್ತಾನೆ. ಹಾಲು ಹಾಕಿ ಗಟ್ಟಿಯಾಗಿ ಕುದಿಸಿದ ಚಹಾ, ಏಲಕ್ಕಿ ಪರಿಮಳ. ಜೊತೆಗೆ ಪರೋಟದೊಳಗೆ ಚೀಸ್ ಸವರಿ, ಓಮನ್ ಚಿಪ್ಸ್ ಪುಡಿ ಮಾಡಿ ಹಾಕಿ ಸುತ್ತಿಕೊಡುತ್ತಾರೆ. ಕೇಳಲು ವಿಚಿತ್ರ. ತಿಂದ ಮೇಲೆ ಬಿಡುವುದು ಕಷ್ಟ. ನಿನ್ನ ಪೆರ್ಲದ ಸಂಜೆಗೆ ಹತ್ತಿರ ಬರುವುದು ದೊಡ್ಡ ಹೋಟೆಲಲ್ಲ, ಇದು. ಕೆಲಸ ಬಿಟ್ಟು ಬರುವಾಗ ಒಬ್ಬ ಗೆಳೆಯ ಸಿಕ್ಕಿದರೂ ಸಾಕು.

ನವೆಂಬರಿನಿಂದ ಮಾರ್ಚ್‌ವರೆಗೆ ಹೊರಗೆ ಕೂತು ತಿನ್ನಬಹುದು. ನಾವು ಮನೆಯಿಂದ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಪಾರ್ಕಿಗೆ ಹೋಗುತ್ತೇವೆ. ಬರ್ ದುಬೈಯಿಂದ ದೇರಾಕ್ಕೆ ಅಬ್ರಾ ದೋಣಿಯಲ್ಲಿ ದಾಟಲು ತಲೆಗೆ ಒಂದೇ ದಿರ್ಹಮ್, ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಟ ಬೇಡ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಮಾಲ್ ಒಂದೇ ಗತಿ. ಮೆಟ್ರೋ ಒಳಗೆ ಏನೂ ತಿನ್ನಬಾರದು, ಚೂಯಿಂಗ್ ಗಮ್ ಕೂಡ, 100 ದಿರ್ಹಮ್ ದಂಡ. ರಂಜಾನಿನಲ್ಲಿ ಹಗಲು ಹೋಟೆಲುಗಳು ಈಗ ತೆರೆದಿರುತ್ತವೆ. ಆದರೂ ಉಪವಾಸ ಇರುವವರ ಎದುರು ಬೀದಿಯಲ್ಲಿ ತಿನ್ನುತ್ತಾ ಹೋಗಬೇಡ.

ಊರಿನಿಂದ ಏನು ತರಲಿ ಅಂತ ನಿನ್ನ ಹೆಂಡತಿ ಕೇಳಿದ್ದಾಳಂತೆ. ಅಕ್ಕಿ, ತೆಂಗಿನೆಣ್ಣೆ, ನೇಂದ್ರ ಬಾಳೆಹಣ್ಣು ಎಲ್ಲ ಅಲ್ಲೇ ಸಿಗುತ್ತದೆ, ಕುಚ್ಚಲಕ್ಕಿಯೂ ಸಿಗುತ್ತದೆ. ಹಲಸಿನ ಹಪ್ಪಳ, ಮಾಂಬಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿಯ ಒಣಸಿಪ್ಪೆ, ಇವಿಷ್ಟು ತುಂಬಿಸಲಿ. ಗಸಗಸೆ ಮಾತ್ರ ಒಂದು ಕಾಳೂ ಬೇಡ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲೂ ಆಗಬಹುದು. ಪಾಯಸಕ್ಕೆ ಅಂತ ಅಮ್ಮಂದಿರು ಗೊತ್ತಿಲ್ಲದೆ ಪೊಟ್ಟಣ ಕಟ್ಟಿಡುತ್ತಾರೆ, ಚೀಲ ನೀನೇ ಒಮ್ಮೆ ಬಿಚ್ಚಿ ನೋಡು. ವೀಳ್ಯದೆಲೆಯೂ ಒಳಗೆ ತರಬಾರದ ಪಟ್ಟಿಯಲ್ಲಿದೆ. ಅಡಿಕೆ ತೋಟದವರಿಗೆ ಬೇಸರದ ವಿಷಯ, ಆದರೂ ಊಟ ಆದಮೇಲೆ ಕವಳ ಹಾಕುವ ಆಸೆಯನ್ನು ವಿಮಾನ ಹತ್ತುವ ಮೊದಲೇ ತೀರಿಸಿಕೊ.

ರಜೆಯ ವಿಷಯ ಯಾರೂ ಹೇಳಿಕೊಡುವುದಿಲ್ಲ. ಮಗಳು ಶಾಲೆಗೆ ಸೇರಿದ ಮೇಲೆ ನೀನು ಊರಿಗೆ ಬರುವುದು ಜುಲೈ, ಆಗಸ್ಟ್‌ನಲ್ಲಿ. ದೊಡ್ಡ ರಜೆ ಆಗಲೇ. ಟಿಕೆಟ್ಟೂ ಆಗಲೇ ದುಬಾರಿ. ಅಷ್ಟು ಹೊತ್ತಿಗೆ ಮಾವಿನಹಣ್ಣು ಮುಗಿದಿರುತ್ತದೆ, ಹಲಸಿನಹಣ್ಣಿನ ಕಡುಬು ಕೊಟ್ಟಿಗೆ ಮುಗಿದಿರುತ್ತದೆ, ಯಕ್ಷಗಾನದ ಮೇಳಗಳು ಮೇ ಕೊನೆಯ ಪತ್ತನಾಜೆಗೇ ಗೆಜ್ಜೆ ಬಿಚ್ಚಿರುತ್ತವೆ. ಸಿಗುವುದು ಮಳೆಗಾಲದ ಆಟಿ ತಿಂಗಳಿನ ಪತ್ರೊಡೆ, ತಗತೆ ಸೊಪ್ಪು, ಕಳಲೆ. ನಾನು ಈಗ ತಿನ್ನುತ್ತಿರುವುದೂ ಅದನ್ನೇ. ಕೆಟ್ಟದ್ದೇನಲ್ಲ. ಆದರೆ ಮಗಳು ಶಾಲೆಗೆ ಸೇರುವ ಮೊದಲಿನ ವರ್ಷಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲೇ ಬಾ, ಆ ಅವಕಾಶ ಮತ್ತೆ ಸುಲಭಕ್ಕೆ ಸಿಗುವುದಿಲ್ಲ. ಮಧೂರು ದೇವಸ್ಥಾನಕ್ಕೆ ಹೋಗಿ ಅಪ್ಪದ ಪ್ರಸಾದ ತಗೊಳ್ಳಲು ಮಳೆ ಬಿಸಿಲಿನ ಲೆಕ್ಕ ಇಲ್ಲ, ಅದೊಂದು ಸಮಾಧಾನ. ಮಂಗಳೂರಿನಲ್ಲಿ ಗಡ್‌ಬಡ್ ಕೂಡ ಹಾಗೆಯೇ, ಐಡಿಯಲ್‌ನವರು 1975ರಿಂದ ಐಸ್‌ಕ್ರೀಂ ಮಾಡುತ್ತಿದ್ದಾರೆ, ಮಳೆಗಾಲದಲ್ಲೂ ಜನ ಕಡಿಮೆಯಿಲ್ಲ. ಕಾಸರಗೋಡು ಪೇಟೆಯಲ್ಲಿ ಅವಲಕ್ಕಿ, ಬಾಳೆಹಣ್ಣು, ಹಾಲಿನ ಅವಲ್ ಮಿಲ್ಕ್ ಕುಡಿಸಿದರೆ ದುಬೈಯಲ್ಲಿ ಬೆಳೆದ ಮಕ್ಕಳಿಗೂ ಹಿಡಿಸುತ್ತದೆ. ಒಂದು ಎಚ್ಚರಿಕೆ: ಊರಿನಲ್ಲಿ ಹೋಟೆಲಿಗೆ ಹೋದರೆ ಬಿಲ್ಲು ನಿನ್ನ ಮುಂದೆಯೇ ಬರುತ್ತದೆ. ದುಬೈಯವನು ಅಲ್ವಾ! ಅದಕ್ಕೆ ಅಂತಲೇ ಸ್ವಲ್ಪ ದುಡ್ಡು ಬೇರೆ ಇಟ್ಟುಕೊಂಡು ಬಾ, ನಗುತ್ತಾ ಕೊಟ್ಟುಬಿಡು.

ಅಪ್ಪ ಅಮ್ಮನನ್ನು ಒಮ್ಮೆ ಕರೆಸಿ ಒಳ್ಳೆಯ ಹೋಟೆಲಿನಲ್ಲಿ ಊಟ ಹಾಕಿಸಬೇಕು ಅಂತ ಕೊನೆಗೆ ಬರೆದಿದ್ದೀಯ. ಚಳಿಗಾಲದಲ್ಲಿ ಕರೆಸು ಅಂತ ಎಲ್ಲರೂ ಹೇಳುತ್ತಾರೆ. ಅವರಿಗೆ ತೋಟ ಇಲ್ಲ, ಅದಕ್ಕೇ ಹೇಳುತ್ತಾರೆ. ನಿನ್ನ ಅಪ್ಪನಿಗೆ ಆಗ ಅಡಿಕೆ ಕೊಯ್ಲು, ಅಂಗಳದಲ್ಲಿ ಒಣಹಾಕುವುದು, ಸುಲಿಯುವುದು. ಮಳೆಗಾಲದಲ್ಲಿ ಕೇಳಿದರೆ ಅಡಿಕೆಗೆ ಮದ್ದು ಸಿಂಪಡಿಸಬೇಕು ಅನ್ನುತ್ತಾರೆ. ಕೊಯ್ಲಿನ ನಡುವೆ ಸಿಗುವ ಎರಡು ವಾರ ಯಾವುದು ಅಂತ ಅವರ ಹತ್ತಿರ ಕೇಳಬೇಡ, ಅಮ್ಮನ ಹತ್ತಿರ ಕೇಳು. ಅಮ್ಮ ಹೇಳಿದ ದಿನಕ್ಕೆ ಟಿಕೆಟ್ ಮಾಡಿ ಆಮೇಲೆ ಅಪ್ಪನಿಗೆ ತಿಳಿಸು. ಮೊದಲ ಊಟಕ್ಕೆ ಬಣ್ಣದ ದೀಪ ಇರುವ ದೊಡ್ಡ ಜಾಗ ಬೇಡ, ಕರಾಮದ ದೋಸೆ ಹೋಟೆಲೇ ಸಾಕು. ಮೆನು ಕಾರ್ಡು ಅವರ ಕೈಗೆ ಕೊಡದೆ ನೀನೇ ಓದಿ ಹೇಳು. ರೇಟು ಕಂಡರೆ "ನನಗೆ ಹಸಿವಿಲ್ಲ" ಅಂತ ಒಂದು ಕಾಫಿ ಕುಡಿದು ಏಳುತ್ತಾರೆ.